ಅಕ್ಕಿಯೊಳಗಿನ ಕಲ್ಲು, ಕಾರಿನೊಳಗಿನ ತುಕ್ಕು

ಮಡಕೆ ಕೊಳ್ಳುವಾಗ ಬೆರಳಿನ ಗೆಣ್ಣಿನಿಂದ ತಟ್ಟಿ ನೋಡಬೇಕೆಂದು ನಮಗೆ ಯಾರೂ ಪಾಠ ಹೇಳಿಕೊಟ್ಟದ್ದಲ್ಲ. ಅಮ್ಮ ತಟ್ಟುತ್ತಿದ್ದಳು, ನಾವೂ ತಟ್ಟಿದೆವು. ಠಣ್ ಎಂದರೆ ಚೆನ್ನಾಗಿ ಬೆಂದದ್ದು. ಬೊದ್ದು ಸದ್ದು ಬಂದರೆ ಎಲ್ಲೋ ಕಣ್ಣಿಗೆ ಕಾಣದ ಬಿರುಕು. ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತೇವೆ, ಬೆಂಡೆಕಾಯಿಯ ತುದಿ ಮುರಿಯುತ್ತೇವೆ, ಸೀರೆಯ ಸೆರಗು ಮಗುಚಿ ಜರಿಯ ಒಳಮೈ ನೋಡುತ್ತೇವೆ. ಹೆಂಗಸರ ಕೈ ದಿನಕ್ಕೆ ಇಂಥ ಎಷ್ಟು ಪರೀಕ್ಷೆಗಳನ್ನು ಮಾಡುತ್ತದೆಯೋ ಲೆಕ್ಕ ಇಟ್ಟವರಿಲ್ಲ. ಆದರೆ ಮನೆಗೆ ಒಂದು ಹಳೆಯ ಕಾರು ಕೊಳ್ಳುವ ಮಾತು ಬಂದಾಗ ಮಾತ್ರ, “ಇದೆಲ್ಲ ನಿಮಗೆ ಗೊತ್ತಾಗೋಲ್ಲ, ಕಾಫಿ ತನ್ನಿ” ಎಂದು ನಮ್ಮನ್ನು ಒಳಗೆ ಕಳಿಸುತ್ತಾರೆ.

ನನಗೆ ಕಾರು ಓಡಿಸಲು ಬರುವುದಿಲ್ಲ. ಅರಸೀಕೆರೆಯ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಇತಿಹಾಸ ಪಾಠ ಮಾಡಿ ನಿವೃತ್ತಳಾದವಳು ನಾನು. ಆದರೂ ಹಳೆಯ ಕಾರು ಕೊಳ್ಳುವುದರ ಬಗ್ಗೆ ಬರೆಯುವ ಧೈರ್ಯ ಮಾಡಿದ್ದೇನೆ. ಏಕೆಂದರೆ ಹೊಸ ಕಾರಿಗೆ ಇರುವುದು ಬೆಲೆ ಮಾತ್ರ. ಹಳೆಯ ಕಾರಿಗೆ ಬೆಲೆಯ ಜೊತೆಗೆ ಇತಿಹಾಸವೂ ಇರುತ್ತದೆ. ಆ ಇತಿಹಾಸವನ್ನು ಮಾರುವವನು ಹೇಳಿದ ಹಾಗೆ ನಂಬಬೇಕೋ, ನಾವೇ ಓದಿಕೊಳ್ಳಬೇಕೋ ಎಂಬುದೇ ಪ್ರಶ್ನೆ.

ಈ ವಿಚಾರ ನನ್ನ ತಲೆಗೆ ಹೊಕ್ಕಿದ್ದು ಅಮೆರಿಕದ ಮಿಷಿಗನ್ ರಾಜ್ಯದಲ್ಲಿರುವ ತಂಗಿಯ ಮನೆಗೆ ಹೋದಾಗ. ಅವಳ ಮಗಳು ಔಷಧಿ ಅಂಗಡಿಯೊಂದರಲ್ಲಿ ಫಾರ್ಮಸಿಸ್ಟ್. ನಾಲ್ಕು ವರ್ಷ ದುಡಿದು ಉಳಿಸಿದ ಹಣದಲ್ಲಿ ಅವಳಿಗೆ ಒಂದು ಹಳೆಯ ಫೋರ್ಡ್ ಮಸ್ಟಾಂಗ್ ಕಾರು ಬೇಕಾಗಿತ್ತು. ಅದೂ 1965 ಅಥವಾ 1966ರದ್ದೇ ಆಗಬೇಕು. ತಂಗಿ ತಲೆ ತಲೆ ಚಚ್ಚಿಕೊಂಡಳು. “ಆ ದುಡ್ಡಲ್ಲಿ ಬಂಗಾರ ತಗೊಳ್ಳೇ” ಎಂದಳು. ಹುಡುಗಿ ಮಾತ್ರ ನನ್ನ ಕಡೆ ತಿರುಗಿ, “ದೊಡ್ಡಮ್ಮ, ನೀವು ಹಿಸ್ಟರಿ ಟೀಚರ್ ಅಲ್ವಾ? ನೀವು ನನ್ನ ಜೊತೆ ಬನ್ನಿ” ಎಂದಳು. ಹೊರಡುವ ಮೊದಲು ನಾವಿಬ್ಬರೂ ಹದಿನೈದು ದಿನ ಅಲ್ಲಿನ ಸಾರ್ವಜನಿಕ ಗ್ರಂಥಾಲಯದಲ್ಲಿ ಕೂತು ಓದಿದೆವು.

ಮಸ್ಟಾಂಗ್ ಎಂದರೆ ಅಮೆರಿಕದ ಬಯಲುಗಳಲ್ಲಿ ಓಡಾಡುವ ಕಾಡುಕುದುರೆ. ಕಾರಿನ ಮುಂದಿನ ಜಾಲರಿಯ ಮೇಲೂ ಓಡುವ ಕುದುರೆಯದೇ ಚಿತ್ರ. 1964ರ ಏಪ್ರಿಲ್ 17ರಂದು ನ್ಯೂಯಾರ್ಕಿನ ವಿಶ್ವಮೇಳದಲ್ಲಿ ಫೋರ್ಡ್ ಕಂಪನಿ ಅದನ್ನು ಹೊರತಂದಿತು. ಆಗ ಆ ವಿಭಾಗದ ಮುಖ್ಯಸ್ಥರಾಗಿದ್ದವರು ಲೀ ಅಯಕೋಕಾ. ಉದ್ದನೆಯ ಮೂತಿ, ಗಿಡ್ಡ ಹಿಂಭಾಗ, ಮುಂದೆ ಎರಡು ಬಿಡಿ ಸೀಟು. ನೋಡಿದರೆ ಶ್ರೀಮಂತರ ಸ್ಪೋರ್ಟ್ಸ್ ಕಾರು. ಬೆಲೆ ಮಾತ್ರ 2,368 ಡಾಲರಿನಿಂದ ಶುರು. ಮೊದಲ ದಿನವೇ ಸುಮಾರು 22,000 ಕಾರುಗಳಿಗೆ ಬೇಡಿಕೆ ಬಂತು; ಎರಡು ವರ್ಷ ತುಂಬುವ ಮೊದಲೇ ಹತ್ತು ಲಕ್ಷ ಕಾರುಗಳು ತಯಾರಾದವು. ಇಷ್ಟು ಅಗ್ಗಕ್ಕೆ ಹೇಗೆ ಸಾಧ್ಯವಾಯಿತು ಎಂದರೆ, ಆ ಚೆಂದದ ಮೈಯ ಅಡಿಯಲ್ಲಿ ಇದ್ದದ್ದು ಫಾಲ್ಕನ್ ಎಂಬ ಸಾಧಾರಣ ಸಂಸಾರಿ ಕಾರಿನ ಭಾಗಗಳು. ಬೆಳ್ಳಗಿರುವುದೆಲ್ಲ ಹಾಲಲ್ಲ ಎನ್ನುವ ಮಾತು ಈ ಕಾರಿಗೆ ಹುಟ್ಟಿನಿಂದಲೇ ಅಂಟಿಕೊಂಡಿದೆ. ಹಾಗೆಂದು ಅದನ್ನು ಮೋಸ ಎನ್ನಲಾಗದು. ಕಂಪನಿ ಅದನ್ನೇನೂ ಮುಚ್ಚಿಟ್ಟಿರಲಿಲ್ಲ.

ಇದರ ಮೊಟ್ಟಮೊದಲ ಗಿರಾಕಿಗಳಲ್ಲಿ ಒಬ್ಬಳು ಶಿಕಾಗೋದ ಶಾಲಾ ಶಿಕ್ಷಕಿ ಎಂದು ಓದಿದಾಗ ನನಗೆ ಆದ ಸಂತೋಷವನ್ನು ಹೇಳಲೇಬೇಕು. ಇಪ್ಪತ್ತೆರಡು ವರ್ಷದ ಹುಡುಗಿ. ಮಾರಾಟ ಅಧಿಕೃತವಾಗಿ ಶುರುವಾಗುವ ಎರಡು ದಿನ ಮೊದಲೇ, ಏಪ್ರಿಲ್ 15ರಂದು, ಅಂಗಡಿಯ ಹಿಂದಿನ ಕೋಣೆಯಲ್ಲಿ ಬಟ್ಟೆ ಮುಚ್ಚಿ ಇಟ್ಟಿದ್ದ ತಿಳಿನೀಲಿ ಬಣ್ಣದ ಕಾರನ್ನು ನೋಡಿ, ಕೊಂಡು, ಓಡಿಸಿಕೊಂಡೇ ಹೋದಳು. ಮುಂದೆ ಮದುವೆ, ಮಕ್ಕಳು, ಸಂಸಾರ. ಕಾರು ಕೆಟ್ಟು ಗ್ಯಾರೇಜಿನಲ್ಲಿ ಇಪ್ಪತ್ತೈದು ವರ್ಷಕ್ಕೂ ಹೆಚ್ಚು ಕಾಲ ನಿಂತಿತು. ಮಾರಿಬಿಡೋಣ ಎಂಬ ಮಾತೂ ಬಂದಿತ್ತಂತೆ. ಕೊನೆಗೆ ನಿವೃತ್ತರಾದ ಗಂಡ ಅದನ್ನು ಬಿಚ್ಚಿ ಸರಿಪಡಿಸಿದರು.

ಇನ್ನೊಂದು ಕಥೆ ಸರಣಿಯ ಮೊದಲ ಸಂಖ್ಯೆಯ ಕಾರಿನದು. ಪ್ರದರ್ಶನಕ್ಕೆಂದು ಕೆನಡಾದ ನ್ಯೂಫೌಂಡ್‌ಲ್ಯಾಂಡಿಗೆ ಕಳಿಸಿದ್ದ ಆ ಬಿಳಿ ಕಾರನ್ನು ಅಲ್ಲಿನ ಅಂಗಡಿಯವರು ಸ್ಟ್ಯಾನ್ಲಿ ಟಕರ್ ಎಂಬ ವಿಮಾನ ಚಾಲಕನಿಗೆ ಮಾರಿಬಿಟ್ಟರು. ಕಂಪನಿ ಕೈ ಕೈ ಹಿಸುಕಿಕೊಂಡಿತು. ಆತ ಎರಡು ವರ್ಷ ಅದನ್ನು ಓಡಿಸಿ, 1966ರಲ್ಲಿ ಹಿಂದಕ್ಕೆ ಕೊಟ್ಟು, ಬದಲಿಗೆ ಹತ್ತು ಲಕ್ಷದ ಒಂದನೆಯ ಕಾರನ್ನು ಪಡೆದ. ತನಗೆ ಬೇಕಾದ ಹೆಚ್ಚುವರಿ ಸೌಕರ್ಯಗಳನ್ನೆಲ್ಲ ಅದರಲ್ಲಿ ಹಾಕಿಸಿಕೊಂಡ. ಆ ಮೊದಲನೆಯ ಕಾರು ಈಗ ಡಿಯರ್‌ಬಾರ್ನಿನ ಹೆನ್ರಿ ಫೋರ್ಡ್ ವಸ್ತುಸಂಗ್ರಹಾಲಯದ ಸಂಗ್ರಹದಲ್ಲಿದೆ.

ಈ ಹೆಚ್ಚುವರಿ ಸೌಕರ್ಯಗಳಿಗೇ ಅಲ್ಲಿ ಆಪ್ಷನ್ ಎನ್ನುತ್ತಾರೆ. ಮಸ್ಟಾಂಗಿನ ಯಶಸ್ಸಿನ ಗುಟ್ಟು ಇದ್ದದ್ದು ಅಲ್ಲಿಯೇ. ನಮ್ಮ ಹೋಟೆಲುಗಳಲ್ಲಿ ಸಾದಾ ದೋಸೆಯ ಬೆಲೆಯನ್ನು ಬೋರ್ಡಿನ ಮೇಲೆ ದಪ್ಪಗೆ ಬರೆದು, ಬೆಣ್ಣೆ, ಪಲ್ಯ, ತುಪ್ಪ ಒಂದೊಂದಕ್ಕೂ ಬೇರೆ ಲೆಕ್ಕ ಹಾಕಿದ ಹಾಗೆ. ಪವರ್ ಸ್ಟೀರಿಂಗ್, ಏರ್ ಕಂಡಿಷನ್, ರೇಡಿಯೋ, ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕು, ಸೀಟಿನ ಬೆನ್ನಿನಲ್ಲಿ ಓಡುವ ಕುದುರೆಗಳ ಅಚ್ಚು, ಆರು ಸಿಲಿಂಡರಿನ ಎಂಜಿನ್ನಿನ ಬದಲು ಎಂಟರದ್ದು. ಎಲ್ಲಕ್ಕೂ ಬೇರೆ ಬೇರೆ ದರ. 1965ರ ಏಪ್ರಿಲಿನಲ್ಲಿ ಜಿ.ಟಿ. ಎಂಬ ವಿಶೇಷ ಕಟ್ಟು ಬಂತು. ಹೊಸ ಕಾರಾದರೆ ಇದೆಲ್ಲ ಕಿಟಕಿಯ ಗಾಜಿನ ಮೇಲಿನ ಚೀಟಿಯಲ್ಲಿ ಇರಲೇಬೇಕು. ಸೆನೆಟರ್ ಮನ್ರೋನಿ ಅವರ ಪ್ರಯತ್ನದಿಂದ 1958ರಲ್ಲೇ ಅಮೆರಿಕದಲ್ಲಿ ಆ ಕಾನೂನು ಬಂದಿತ್ತು. ಆದರೆ ಚೀಟಿ ಕಾರಿನಷ್ಟು ಬಾಳುವುದಿಲ್ಲವಲ್ಲ! ಅರವತ್ತು ವರ್ಷದ ಮೇಲೆ ಕಾರು ಉಳಿದಿರುತ್ತದೆ, ಚೀಟಿ ಕಸಕ್ಕೆ ಹೋಗಿರುತ್ತದೆ. ಆಮೇಲೆ ಮಾರುವವನ ಬಾಯೇ ಚೀಟಿ.

ಬಾಯಿಯ ಚೀಟಿಯನ್ನು ಪರೀಕ್ಷಿಸುವುದು ಹೇಗೆ? ಇಲ್ಲಿಂದ ನಮ್ಮ ಕೆಲಸ ಶುರುವಾಯಿತು. ಪ್ರತಿ ಮಸ್ಟಾಂಗಿಗೂ ಒಂದು ಸಂಖ್ಯೆ ಇದೆ. ಮೊದಲ ಅಂಕೆ ವರ್ಷ: 6 ಎಂದಿದ್ದರೆ 1966. ಎರಡನೆಯದು ಕಾರ್ಖಾನೆ: ಎಫ್ ಎಂದರೆ ಮಿಷಿಗನ್ನಿನ ಡಿಯರ್‌ಬಾರ್ನ್, ಆರ್ ಎಂದರೆ ಕ್ಯಾಲಿಫೋರ್ನಿಯದ ಸ್ಯಾನ್ ಹೊಸೆ, ಟಿ ಎಂದರೆ ನ್ಯೂಜೆರ್ಸಿಯ ಮೆಟಚೆನ್. ನಂತರದ ಎರಡು ಅಂಕೆ ಕಾರಿನ ಆಕಾರ: 07 ಆದರೆ ಗಟ್ಟಿ ಛಾವಣಿ, 08 ಆದರೆ ಮಡಚುವ ಛಾವಣಿ, 09 ಆದರೆ ಇಳಿಜಾರು ಬೆನ್ನು. ಐದನೆಯದು ಎಂಜಿನ್ನಿನ ಅಕ್ಷರ. 1966ರಲ್ಲಿ ಟಿ ಎಂದರೆ ಆರು ಸಿಲಿಂಡರು. ಸಿ, ಎ, ಕೆ ಮೂರೂ ಎಂಟು. ಅದರಲ್ಲಿ ಕೆ ಅತ್ಯಂತ ಶಕ್ತಿಶಾಲಿ, 271 ಅಶ್ವಶಕ್ತಿ. ಕೊನೆಯ ಆರು ಅಂಕೆ ಸರಣಿ. ಚಾಲಕನ ಬಾಗಿಲಿನ ಅಂಚಿನ ಒಂದು ತಗಡಿನ ಮೇಲೆ ಈ ಸಂಖ್ಯೆಯ ಜೊತೆಗೆ ಬಣ್ಣ, ಒಳ ಹೊದಿಕೆ, ತಯಾರಾದ ದಿನಾಂಕ, ಗೇರುಪೆಟ್ಟಿಗೆ ಎಲ್ಲದರ ಸಂಕೇತವೂ ಇರುತ್ತದೆ. ಬಣ್ಣದ ಸ್ಥಳದಲ್ಲಿ ಎಂ ಎಂದಿದ್ದರೆ ಅದು ವಿಂಬಲ್ಡನ್ ಬಿಳಿ. ಈಗ ಕೆಂಪಗೆ ಹೊಳೆಯುತ್ತಿದೆ ಎಂದರೆ ಮಧ್ಯದಲ್ಲಿ ಯಾರೋ ಬಣ್ಣ ಬದಲಿಸಿದ್ದಾರೆ. ಏಕೆ ಬದಲಿಸಿದರು, ಏನನ್ನು ಮುಚ್ಚಲು ಬದಲಿಸಿದರು ಎಂದು ಕೇಳುವ ಹಕ್ಕು ಆಗ ನಮಗೆ ಬರುತ್ತದೆ.

ಆದರೆ ಆ ತಗಡನ್ನು ಎರಡು ರಿವೆಟ್ಟು ಬಿಚ್ಚಿ ಬದಲಿಸಬಹುದು. ಹೊಸ ತಗಡನ್ನು ಅಚ್ಚು ಹಾಕಿ ಮಾರುವವರೂ ಇದ್ದಾರೆ. ಇಲ್ಲಿ ನನಗೆ ತಟ್ಟನೆ ನೆನಪಾದದ್ದು ನಮ್ಮ ಕೂಟ ಶಾಸನಗಳು. ಹಿಂದಿನ ರಾಜನ ಹೆಸರಿನಲ್ಲಿ ಸುಳ್ಳು ತಾಮ್ರಪಟ ಕೊರೆಸಿ ಜಮೀನಿಗೆ ಹಕ್ಕು ಹೇಳುವುದು ನಮ್ಮ ಪೂರ್ವಿಕರಿಗೂ ಗೊತ್ತಿದ್ದ ವಿದ್ಯೆ. ಗಂಗರ ತಾಮ್ರಪಟಗಳ ವಿಷಯದಲ್ಲಿ ಫ್ಲೀಟ್ ಮತ್ತು ಬಿ.ಎಲ್. ರೈಸ್ ಅವರ ನಡುವೆ ದೊಡ್ಡ ವಾದವೇ ನಡೆದಿತ್ತು. ಅವುಗಳಲ್ಲಿ ಬಹಳಷ್ಟು ನಕಲಿ ಎಂದು ಫ್ಲೀಟ್, ಹಾಗಲ್ಲ ಎಂದು ರೈಸ್. ಕೊಟ್ಟ ತಿಥಿಗೆ ವಾರ ಹೊಂದುತ್ತದೆಯೇ, ಲಿಪಿ ಆ ಕಾಲದ್ದೇ, ಬೇರೆ ಶಾಸನಗಳು ಅದೇ ಮಾತು ಹೇಳುತ್ತವೆಯೇ ಎಂದು ತಾಳೆ ನೋಡುವುದೇ ಅಲ್ಲಿ ದಾರಿ. ಕಾರಿಗೂ ಅದೇ ದಾರಿ. ಎಂಜಿನ್ ಕೋಣೆಯ ಪಕ್ಕದ ಕಬ್ಬಿಣದ ಹಾಳೆಯಲ್ಲಿ ಅದೇ ಸಂಖ್ಯೆಯನ್ನು ಕಾರ್ಖಾನೆಯವರು ಒತ್ತಿರುತ್ತಾರೆ. ಬಾಗಿಲಿನ ತಗಡು ಹೇಳುವುದನ್ನೇ ಆ ಹಾಳೆಯೂ ಹೇಳಬೇಕು. 1967ರಿಂದ ಈಚಿನ ಕಾರುಗಳಿಗಾದರೆ ಕಾರ್ಖಾನೆಯ ದಾಖಲೆ ನೋಡಿ ವರದಿ ಕೊಡುವವರಿದ್ದಾರೆ. ಅದಕ್ಕಿಂತ ಹಿಂದಿನ ಕಾರುಗಳಿಗೆ ಕಬ್ಬಿಣವೇ ಸಾಕ್ಷಿ.

ಕಬ್ಬಿಣದ ಶತ್ರು ತುಕ್ಕು. ಮಿಷಿಗನ್ನಿನಲ್ಲಿ ಚಳಿಗಾಲದ ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುತ್ತಾರೆ. ಡೆಟ್ರಾಯಿಟ್ ನಗರದ ನೆಲದಡಿಯಲ್ಲೇ ಉಪ್ಪಿನ ಗಣಿ ಇದೆ! ಕಡಲ ತೀರದ ಊರುಗಳ ಕಬ್ಬಿಣದ ಗೇಟುಗಳ ಗತಿ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದ್ದರಿಂದಲೇ ಒಣ ಹವೆಯ ಕ್ಯಾಲಿಫೋರ್ನಿಯದಲ್ಲಿ ಬಾಳಿದ ಕಾರಿಗೆ ಬೆಲೆ ಹೆಚ್ಚು. ಮಸ್ಟಾಂಗಿಗೆ ಬೇರೆಯಾದ ಚಾಸಿ ಇಲ್ಲ, ಮೈಯೇ ಎಲುಬು. ನೆಲ ತೂತಾದರೆ ಬರೀ ಅಂದ ಕೆಡುವುದಿಲ್ಲ, ಬೆನ್ನೇ ಮುರಿಯುತ್ತದೆ. ಮುಂದಿನ ಗಾಜಿನ ಕೆಳಗೆ, ವೈಪರುಗಳ ಹತ್ತಿರ, ಗಾಳಿ ಒಳಗೆ ಬರಲು ಒಂದು ಸೀಳುಜಾಲರಿ ಇದೆ. ಅದರ ಕೆಳಗಿನ ಮುಚ್ಚಿದ ತೊಟ್ಟಿಯಲ್ಲಿ ತರಗೆಲೆ ಸೇರಿ, ತೇವ ನಿಂತು, ಒಳಗಿಂದೊಳಗೇ ತುಕ್ಕು ತಿನ್ನುತ್ತದೆ. ಅದನ್ನು ಸರಿಮಾಡಲು ವೆಲ್ಡಿಂಗ್ ಬಿಡಿಸಿ ತಗಡನ್ನೇ ಎತ್ತಬೇಕು, ಖರ್ಚು ಭಾರಿ. ಪರೀಕ್ಷೆ ಮಾತ್ರ ಬಲು ಸುಲಭ: ಒಂದು ಚೊಂಬು ನೀರು.

ನಾವು ನೋಡಿದ ಮೊದಲ ಕಾರು ಕಡುಗೆಂಪು. ಕನ್ನಡಿಯಂತೆ ಹೊಳೆಯುತ್ತಿತ್ತು. 1966ರ ಅಸಲಿ ಜಿ.ಟಿ., ಎಂಟು ಸಿಲಿಂಡರು, ಮಳೆಯನ್ನೇ ಕಂಡಿಲ್ಲ ಎಂದ ಮಾರುವಾತ. ಹೇಳಿದ್ದೆಲ್ಲ ಹುಡುಗಿಯ ತಮ್ಮನಿಗೆ. ಅವನೋ ನಮ್ಮನ್ನು ಕರೆದುಕೊಂಡು ಬರಲು ಬಂದವನು, ಕಾರಿನ ಗಂಧಗಾಳಿ ಇಲ್ಲದವನು. ಕೊಳ್ಳುವವಳು ಇವಳೆಂದು ಗೊತ್ತಾದ ಮೇಲೂ ಆತ ಇವಳನ್ನು ಕೇಳಿದ್ದು ಒಂದೇ ಪ್ರಶ್ನೆ: ಬಣ್ಣ ಇಷ್ಟವಾಯಿತೇ?

ಇದನ್ನು ಕೇಳಿ ನನಗೆ ನಗು ಬಂತು. ಮೋಟಾರು ಕಾರಿನಲ್ಲಿ ದೂರ ಪ್ರಯಾಣ ಮಾಡಿ ಜಗತ್ತಿಗೆ ಅದರ ಮೇಲೆ ನಂಬಿಕೆ ಬರಿಸಿದವಳೇ ಒಬ್ಬ ಹೆಂಗಸು. 1888ರಲ್ಲಿ ಬರ್ತಾ ಬೆನ್ಸ್ ಇಬ್ಬರು ಮಕ್ಕಳನ್ನು ಕೂರಿಸಿಕೊಂಡು ಜರ್ಮನಿಯ ಮಾನ್‌ಹೈಮ್‌ನಿಂದ ಫೋರ್ಜ್‌ಹೈಮ್‌ಗೆ ಹೋದಾಗ, ದಾರಿಯಲ್ಲಿ ಕಟ್ಟಿಕೊಂಡ ಇಂಧನದ ಕೊಳವೆಯನ್ನು ತನ್ನ ಟೋಪಿಯ ಪಿನ್ನಿನಿಂದ ಬಿಡಿಸಿದ್ದಳು. 1909ರಲ್ಲಿ ಇಂಗ್ಲೆಂಡಿನ ಡೊರೊತಿ ಲೆವಿಟ್ ಹೆಂಗಸರಿಗಾಗಿಯೇ ಕಾರಿನ ಪುಸ್ತಕ ಬರೆದಳು. ಹಿಂದೆ ಬರುವ ವಾಹನ ನೋಡಲು ಒಂದು ಕೈಗನ್ನಡಿ ಇಟ್ಟುಕೊಳ್ಳಿ ಎಂದು ಅದರಲ್ಲಿ ಹೇಳಿದ್ದಾಳೆ.

ನಮ್ಮ ಹುಡುಗಿ ಮಾತಾಡಲಿಲ್ಲ. ಬಾನೆಟ್ಟು ತೆಗೆಸಿ, ಟಾರ್ಚು ಹಿಡಿದು ಹಾಳೆಯ ಮೇಲಿನ ಸಂಖ್ಯೆ ಓದಿದಳು. ಐದನೆಯ ಅಕ್ಷರ ಟಿ. ಜಿ.ಟಿ. ಕಟ್ಟನ್ನು ಕಂಪನಿ ಕೊಡುತ್ತಿದ್ದದ್ದು ಎ ಮತ್ತು ಕೆ ಎಂಜಿನ್ನುಗಳಿಗೆ ಮಾತ್ರ. ಹುಟ್ಟಿನಲ್ಲಿ ಆರು ಸಿಲಿಂಡರಿದ್ದ ಕಾರು ಅಸಲಿ ಜಿ.ಟಿ. ಆಗಿರಲು ಸಾಧ್ಯವೇ ಇಲ್ಲ. ಆಮೇಲೆ ಚಕ್ರದ ಮುಚ್ಚಳ ತೆಗೆಸಿ ನಟ್ಟುಗಳನ್ನು ಎಣಿಸಿದಳು. ನಾಲ್ಕು. ಎಂಟು ಸಿಲಿಂಡರಿನ ಮಸ್ಟಾಂಗಿಗೆ ಐದು ನಟ್ಟು, ಆರಕ್ಕೆ ನಾಲ್ಕು. ಎಂದರೆ ದೊಡ್ಡ ಎಂಜಿನ್ ತಂದು ಕೂರಿಸಿದವರು ಸಣ್ಣ ಎಂಜಿನ್ನಿನ ಚಕ್ರಗಳನ್ನೇ ಉಳಿಸಿದ್ದರು. ಇದು ಬರೀ ಹಣದ ಮಾತಲ್ಲ, ಜೀವದ ಮಾತು. ಕೊನೆಗೆ ಕೈಚೀಲದಿಂದ ಫ್ರಿಜ್ಜಿಗೆ ಅಂಟಿಸುವ ಅಯಸ್ಕಾಂತ ತೆಗೆದು, ಬಟ್ಟೆ ಸುತ್ತಿ, ಹಿಂದಿನ ಚಕ್ರದ ಮೇಲಿನ ಮೈಗೆ ಇಟ್ಟಳು. ಅಂಟಲಿಲ್ಲ, ಜಾರಿ ಬಿತ್ತು. ಬಣ್ಣದ ಕೆಳಗೆ ಕಬ್ಬಿಣವಿರಲಿಲ್ಲ, ಪುಟ್ಟಿ ಇತ್ತು. ನನ್ನ ಪಾಲಿಗೆ ಬಂದದ್ದು ನೀರಿನ ಪರೀಕ್ಷೆ. ಅವಳು ಜಾಲರಿಗೆ ಬಾಟಲಿ ನೀರು ಸುರಿದಳು, ನಾನು ಮುಂದಿನ ಸೀಟಿನಲ್ಲಿ ಕೂತಿದ್ದೆ. ಅರೆಗಳಿಗೆಯಲ್ಲಿ ನನ್ನ ಪಾದದ ಮೇಲೆ ತಣ್ಣಗೆ ತೊಟ್ಟಿಕ್ಕಿತು. “ಮಳೆ ಬಂತು ಕಣೇ” ಎಂದೆ ಕನ್ನಡದಲ್ಲಿ. ಮಾರುವಾತನ ಮುಖ ಮೋಡ ಕಟ್ಟಿತು. ನಾವು ನಮಸ್ಕಾರ ಹೇಳಿ ಹೊರಟೆವು.

ಅಮೆರಿಕದವರು ಹೀಗೆ ಒಳಗೆ ಹುಳುಕಿರುವ ಕಾರಿಗೆ ಲೆಮನ್, ಎಂದರೆ ನಿಂಬೆಹಣ್ಣು ಎನ್ನುತ್ತಾರೆ. ನಾವು ಹೊಸ ಕಾರಿನ ಚಕ್ರದಡಿ ನಿಂಬೆಹಣ್ಣು ಇಡುತ್ತೇವೆ. ಅಲ್ಲಿ ಕಾರೇ ನಿಂಬೆಹಣ್ಣು! ಇದೇ ಹೆಸರಿನಲ್ಲಿ ಜಾರ್ಜ್ ಅಕರ್ಲಾಫ್ ಎಂಬ ಅರ್ಥಶಾಸ್ತ್ರಜ್ಞ 1970ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಅವರ ವಾದ ಸರಳ. ಹಳೆಯ ಕಾರಿನ ಗುಣ ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಗೊತ್ತಿಲ್ಲದ್ದರಿಂದ ಕೊಳ್ಳುವವನು ಭಯಪಟ್ಟು ಎಲ್ಲ ಕಾರಿಗೂ ಕಡಿಮೆ ಬೆಲೆ ಕೇಳುತ್ತಾನೆ. ಆ ಬೆಲೆಗೆ ಒಳ್ಳೆಯ ಕಾರಿನವನು ಮಾರಲು ಒಪ್ಪದೆ ಮನೆಗೆ ಹೋಗುತ್ತಾನೆ. ಕೊನೆಗೆ ಸಂತೆಯಲ್ಲಿ ಹುಳುಕು ಕಾರುಗಳೇ ಉಳಿಯುತ್ತವೆ. ಮೋಸಗಾರನಿಂದ ನಷ್ಟವಾಗುವುದು ಮೋಸಹೋದವನಿಗೆ ಮಾತ್ರವಲ್ಲ, ಪ್ರಾಮಾಣಿಕನಿಗೂ ಕೂಡ. ಮೂರು ಪತ್ರಿಕೆಗಳು ಈ ಪ್ರಬಂಧವನ್ನು ಹಿಂದಿರುಗಿಸಿದ್ದವು. ಮೊದಲ ತಿರಸ್ಕಾರದ ಪತ್ರ ಬಂದಾಗ ಅವರು ಇದ್ದದ್ದು ಭಾರತದಲ್ಲಿ. 2001ರಲ್ಲಿ ಅವರಿಗೆ ಇನ್ನಿಬ್ಬರ ಜೊತೆ ಅರ್ಥಶಾಸ್ತ್ರದ ನೊಬೆಲ್ ಬಂತು.

ಗ್ರಂಥಾಲಯದಲ್ಲಿ ಆ ಪ್ರಬಂಧದ ಪುಟ ತಿರುವುತ್ತಿದ್ದವಳು ಒಂದು ಕಡೆ ನಿಂತುಬಿಟ್ಟೆ. ಅಲ್ಲಿ ನಾವಿದ್ದೆವು! ಅಂಗಡಿಯವರು ಬೇಕೆಂದೇ ಬೆರೆಸಿದ, ಅಕ್ಕಿಯದೇ ಬಣ್ಣ ಮತ್ತು ಆಕಾರದ ಕಲ್ಲುಗಳನ್ನು ಭಾರತದ ಗೃಹಿಣಿ ಜೋಪಾನವಾಗಿ ಆರಿಸಿ ತೆಗೆಯಬೇಕಾಗುತ್ತದೆ ಎಂಬ ಉದಾಹರಣೆಯನ್ನು ಅವರು ಕೊಟ್ಟಿದ್ದಾರೆ. ಹಳೆಯ ಕಾರಿನ ಮೇಲೆ ಬರೆದ ಪ್ರಬಂಧದಲ್ಲಿ ಮೊರ ಹಿಡಿದ ನಮ್ಮ ಅಮ್ಮಂದಿರು. ಗುಣ ಗುರುತಿಸುವ ಕೌಶಲಕ್ಕೆ ಬೆಲೆ ಇದೆ ಎಂದು ಒಬ್ಬ ದೊಡ್ಡ ವಿದ್ವಾಂಸ ಬರೆದಾಗ ಅದು ಅರ್ಥಶಾಸ್ತ್ರ. ಮಧ್ಯಾಹ್ನದ ಹೊತ್ತು ಜಗಲಿಯಲ್ಲಿ ಕೂತು ನಾವು ಮಾಡಿದಾಗ ಅದು ಬರೀ ಮನೆಗೆಲಸ. ಆ ಕೆಲಸಕ್ಕೆ ಹಿಡಿದ ಗಂಟೆಗಳನ್ನು ಅಕ್ಕಿಯ ಬೆಲೆಗೆ ಸೇರಿಸಿದವರು ಯಾರು?

ಕಾನೂನು ನಿಧಾನವಾಗಿಯಾದರೂ ಕೊಳ್ಳುವವರ ಕಡೆ ಬಂತು. 1972ರಲ್ಲಿ ಅಮೆರಿಕದ ಸರ್ಕಾರ ಮೈಲಿ ಮೀಟರನ್ನು ಹಿಂದಕ್ಕೆ ತಿರುಗಿಸುವುದನ್ನು ಅಪರಾಧ ಮಾಡಿತು. ಆ ಮಸ್ಟಾಂಗಿನ ಮೀಟರಿನಲ್ಲಿ ಮೈಲಿ ಎಣಿಸಲು ಐದೇ ಅಂಕೆ. ಲಕ್ಷ ಮೈಲಿ ಓಡಿದರೆ ತಾನಾಗಿಯೇ ಮತ್ತೆ ಸೊನ್ನೆ. ಆದ್ದರಿಂದ ತಿಳಿದವರು ಮೀಟರು ನೋಡುವುದಿಲ್ಲ, ಬ್ರೇಕಿನ ಪೆಡಲಿನ ರಬ್ಬರು ಎಷ್ಟು ಸವೆದಿದೆ ಎಂದು ನೋಡುತ್ತಾರೆ. ಹಳೆಯ ಕಾರಿನ ವ್ಯಾಪಾರಿಗಳು ತಾವು ಗ್ಯಾರಂಟಿ ಕೊಡುತ್ತಾರೋ, ಇದ್ದಂತೆಯೇ ಮಾರುತ್ತಾರೋ ಎಂದು ಕಿಟಕಿಯ ಮೇಲೆ ಬರೆದು ಅಂಟಿಸಬೇಕೆಂಬ ನಿಯಮ 1985ರಲ್ಲಿ ಜಾರಿಗೆ ಬಂತು. ಖಾಸಗಿಯಾಗಿ ಮಾರುವವರಿಗೆ ಆ ನಿಯಮ ಅನ್ವಯಿಸುವುದಿಲ್ಲ. ಅಲ್ಲಿ ಉಳಿಯುವುದು ನಮ್ಮ ಕಣ್ಣು ಮತ್ತು ಎದುರಿಗಿರುವವರ ಮನಸ್ಸು.

ಎರಡನೆಯ ಕಾರು ಒಬ್ಬ ವೃದ್ಧೆಯದು. ಗಂಡ ತೀರಿಕೊಂಡಿದ್ದರು, ಆಕೆಗೆ ದೃಷ್ಟಿ ಮಂದವಾಗಿತ್ತು. ಮಾಸಲು ಬಿಳಿ ಬಣ್ಣ, ಆರು ಸಿಲಿಂಡರು, ಆಪ್ಷನ್ ಎಂದರೆ ರೇಡಿಯೋ ಮತ್ತು ಆಟೋಮ್ಯಾಟಿಕ್ ಗೇರು, ಅಷ್ಟೆ. ನಾವು ಕೇಳುವ ಮೊದಲೇ ಆಕೆ ಕೋಲು ಊರಿಕೊಂಡು ಬಂದು, ಡಿಕ್ಕಿಯ ಕಂಬಳಿ ಎತ್ತಿ ತುಕ್ಕು ಹಿಡಿದ ಜಾಗ ತೋರಿಸಿದರು. ಎಡಗಡೆ ಬಾಗಿಲು ಒಮ್ಮೆ ಗುದ್ದಿ ಬದಲಿಸಿದ್ದು, ಹೀಟರು ಕೆಲಸ ಮಾಡದಿರುವುದು, ಎಲ್ಲ ಹೇಳಿದರು. ಒಂದು ರಟ್ಟಿನ ಪೆಟ್ಟಿಗೆಯಲ್ಲಿ ರಿಪೇರಿಯ ರಸೀದಿಗಳನ್ನು ವರ್ಷದ ಪ್ರಕಾರ ಜೋಡಿಸಿ ಇಟ್ಟಿದ್ದರು. ನಮ್ಮ ಹುಡುಗಿ ಆದರೂ ಬಿಡಲಿಲ್ಲ. ಸಂಖ್ಯೆ ಓದಿದಳು, ನಟ್ಟು ಎಣಿಸಿದಳು, ಅಯಸ್ಕಾಂತ ಇಟ್ಟಳು, ನೀರು ಸುರಿದಳು. ಎಲ್ಲವೂ ಆ ಅಜ್ಜಿಯ ಮಾತಿಗೆ ತಾಳೆಯಾದವು. ಪರೀಕ್ಷೆ ಮಾಡಿದ್ದಕ್ಕೆ ಆಕೆ ಬೇಸರಪಡಲಿಲ್ಲ, ಇನ್ನಷ್ಟು ಖುಷಿಪಟ್ಟರು. ನಂಬಿಕೆ ಎಂದರೆ ಕಣ್ಣು ಮುಚ್ಚಿಕೊಳ್ಳುವುದಲ್ಲ ಎಂಬುದು ಆಕೆಗೂ ಗೊತ್ತಿತ್ತು. ಮೆಕ್ಯಾನಿಕ್ಕಿಗೆ ತೋರಿಸಿ, ಮುಂದಿನ ವಾರ ಹುಡುಗಿ ಆ ಕಾರನ್ನೇ ಕೊಂಡಳು.

ನಮ್ಮೂರುಗಳಲ್ಲಿ ಮಸ್ಟಾಂಗ್ ಯಾರೂ ಕೊಳ್ಳುವುದಿಲ್ಲ, ನಿಜ. ಆದರೆ ಮಗಳಿಗೆ ಸ್ಕೂಟರು, ಮನೆಗೆ ಒಂದು ಹಳೆಯ ಮಾರುತಿ ಕೊಳ್ಳದ ಸಂಸಾರ ಯಾವುದು? ಆರ್.ಸಿ.ಯಲ್ಲಿರುವ ಎಂಜಿನ್ ಮತ್ತು ಚಾಸಿ ಸಂಖ್ಯೆಯನ್ನು ವಾಹನದ ಮೇಲಿನ ಸಂಖ್ಯೆಗೆ ನೀವೇ ತಾಳೆ ನೋಡಿ. ಕಾಗದ ಇಟ್ಟು ಪೆನ್ಸಿಲ್ ಉಜ್ಜಿದರೆ ಅಕ್ಷರ ಎದ್ದು ಬರುತ್ತದೆ. ಎಷ್ಟನೆಯ ಮಾಲೀಕರು, ಬ್ಯಾಂಕಿನ ಸಾಲ ತೀರಿದೆಯೇ ಎಂದು ಕೇಳಿ. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದು ನೋಡಿ. 2015ರ ಡಿಸೆಂಬರಿನಲ್ಲಿ ಚೆನ್ನೈಯಲ್ಲಿ ಆದಂತೆ ಪ್ರವಾಹದಲ್ಲಿ ಮುಳುಗಿದ ಕಾರಾದರೆ ಬೆಲ್ಟಿನ ಒಳತುದಿಯಲ್ಲಿ ಕೆಸರಿನ ಗೆರೆ ಉಳಿದಿರಬಹುದು. ಕೊಂಡ ಮೇಲೆ ಹೆಸರು ಬದಲಾವಣೆಯನ್ನು ನಾಳೆಗೆ ಬಿಡಬೇಡಿ. ಹಣ ನಿಮ್ಮದಾದರೆ ಹೆಸರೂ ನಿಮ್ಮದೇ ಇರಲಿ.

ಇತಿಹಾಸವೆಂದರೆ ರಾಜರ ಯುದ್ಧ ಎಂದುಕೊಂಡು ಮಕ್ಕಳು ಆಕಳಿಸುತ್ತಾರೆ. ನಾನು ಈಗ ಯಾರಾದರೂ ಕೇಳಿದರೆ ಬೇರೆ ಉತ್ತರ ಕೊಡುತ್ತೇನೆ. ಹೇಳಿದ ಮಾತನ್ನು ಉಳಿದ ಗುರುತಿನ ಜೊತೆ ತಾಳೆ ನೋಡುವುದೇ ಇತಿಹಾಸ. ಅದಕ್ಕೆ ಕಾಲೇಜಿನ ಪದವಿ ಬೇಡ. ಮುಂದಿನ ಸಲ ಅಂಗಳಕ್ಕೆ ಹಳೆಯ ಗಾಡಿ ಬಂದು ನಿಂತು, ಗಂಡಸರು ಅದರ ಸುತ್ತ ಗಂಭೀರವಾಗಿ ಮಾತಾಡುತ್ತಿದ್ದರೆ, ಕಾಫಿಯ ಜೊತೆಗೆ ಒಂದು ಅಯಸ್ಕಾಂತವನ್ನೂ ತೆಗೆದುಕೊಂಡು ಹೊರಗೆ ಬನ್ನಿ.